‘ಏಕಾಂತ’ವೋ ‘ಒಂಟಿತನ’ವೋ? — ‘ಸೊಲೆದಾದ್’ ಎಂಬ ಸ್ಪ್ಯಾನಿಷ್ ಮಾತಿನ ವಿಚಾರ

ಪರಭಾಷೆಯ ಶಬ್ದವೊಂದರ ಎದುರಿಗೆ ನಮ್ಮ ಭಾಷೆಯ ಶಬ್ದವೊಂದನ್ನು ಬರೆದುಬಿಟ್ಟರೆ ಅದರ ಅರ್ಥ ಕೈಸೇರಿತೆಂದು ನಂಬುವುದು ವಾಡಿಕೆ. ಹುಡುಗರು ಶಾಲೆಯಲ್ಲಿ ಇಂಗ್ಲಿಷು ಕಲಿಯುವುದು ಹೀಗೆಯೇ. ದೊಡ್ಡವರು ಭಾಷಾಂತರಗಳನ್ನು ಓದುವುದೂ ಬಹುಮಟ್ಟಿಗೆ ಹೀಗೆಯೇ. ಕಣ್ಣಿಗೆ ಕಾಣುವ ವಸ್ತುಗಳ ಮಟ್ಟಿಗೆ ಇದರಿಂದ ಹೆಚ್ಚಿನ ಹಾನಿಯಿಲ್ಲ. ಸ್ಪ್ಯಾನಿಷಿನಲ್ಲಿ ‘ವಾಕಾ’ ಎಂದರೆ ಹಸು. ಅದು ಅಲ್ಲಿಯೂ ಹಾಲು ಕೊಡುತ್ತದೆ, ಇಲ್ಲಿಯೂ ಕೊಡುತ್ತದೆ. ಆದರೆ ‘ಪಾದ್ರೆ’ ಎಂಬ ಮಾತಿಗೆ ಬಂದೊಡನೆ ತೊಡಕು ಕಾಣುತ್ತದೆ. ಪೋರ್ಚುಗೀಸರ ಮೂಲಕ ನಮ್ಮಲ್ಲಿಗೆ ಬಂದ ‘ಪಾದ್ರಿ’ ಇದರ ಒಡಹುಟ್ಟಿದ ಮಾತೇ ಸರಿ. ಆದರೂ ಸ್ಪ್ಯಾನಿಷ್ ಮಗು ತನ್ನ ಹೆತ್ತ ತಂದೆಯನ್ನು ಹೇಳುವುದೂ ಇದೇ ಮಾತಿನಿಂದ. ‘ಪಾದ್ರೆ ಎಂದರೆ ಪಾದ್ರಿ’ ಎಂದು ಬರೆದುಕೊಂಡವನು ಆ ಮಗುವಿನ ಮನೆಯ ಕಥೆಯನ್ನು ಓದಿ ಏನೆಂದು ತಿಳಿದಾನು! ಇನ್ನು ಮನಸ್ಸಿನ ಸ್ಥಿತಿಗಳನ್ನು ಹೇಳುವ ಮಾತುಗಳ ಪಾಡಂತೂ ಇದಕ್ಕಿಂತ ಕಷ್ಟ. ಅಂಥದೊಂದು ಮಾತು ಕನ್ನಡದ ಓದುಗರ ಮುಂದೆ ಕೆಲವು ಕಾಲದಿಂದ ನಿಂತಿದೆ. ಅದರ ಅರ್ಥವನ್ನೂ ಬಳಕೆಯನ್ನೂ ಸ್ವಲ್ಪ ಸಾವಧಾನವಾಗಿ ನೋಡಬೇಕೆಂಬುದು ಈ ಬರಹದ ಉದ್ದೇಶ.

ಕೊಲಂಬಿಯಾ ದೇಶದ ಗಾಬ್ರಿಯೆಲ್ ಗಾರ್ಸಿಯಾ ಮಾರ್ಕೆಸರ ‘ಸಿಯೆನ್ ಆನ್ಯೋಸ್ ದೆ ಸೊಲೆದಾದ್’ ಎಂಬ ಕಾದಂಬರಿ 1967ರಲ್ಲಿ ಬ್ಯೂನಸ್ ಐರಿಸ್ ನಗರದಲ್ಲಿ ಪ್ರಕಟವಾಯಿತು. 1970ರಲ್ಲಿ ಗ್ರೆಗರಿ ರಬಾಸಾ ಅವರು ಅದನ್ನು ಇಂಗ್ಲಿಷಿಗೆ ತಂದರು. ಕನ್ನಡದಲ್ಲಿ ಎ. ಎನ್. ಪ್ರಸನ್ನ ಅವರು ‘ಒಂದು ನೂರು ವರ್ಷಗಳ ಏಕಾಂತ’ ಎಂಬ ಹೆಸರಿನಿಂದ ಅದನ್ನು ನಮಗೆ ಕೊಟ್ಟಿದ್ದಾರೆ. ಒಂದೇ ಹೆಸರಿನ ತಂದೆ, ಮಗ, ಮೊಮ್ಮಕ್ಕಳು ತುಂಬಿದ ಏಳು ತಲೆಮಾರಿನ ಆ ಕಥಾರಣ್ಯವನ್ನು ಕನ್ನಡದಲ್ಲಿ ನಡೆಸಿಕೊಂಡು ಹೋಗುವುದು ಎಂಥ ಶ್ರಮವೆಂಬುದನ್ನು ಅಂಥ ಕೆಲಸಕ್ಕೆ ಕೈಹಾಕಿದವರೇ ಬಲ್ಲರು. ಆ ಶ್ರಮಕ್ಕೆ ನಾವು ಕೃತಜ್ಞರು. ಇಲ್ಲಿ ಚರ್ಚಿಸುವುದು ಹೆಸರಿನ ಕೊನೆಯ ಒಂದು ಮಾತನ್ನು ಮಾತ್ರ.

ಬಾಣಾವರದಲ್ಲಿ ಕೆಲವರು ಮಿತ್ರರು ಕೂಡಿ ಈ ಪುಸ್ತಕವನ್ನು ಓದುತ್ತಿದ್ದಾಗ ಈ ಪ್ರಶ್ನೆ ಎದ್ದಿತು. ಕಥೆಯ ಮುಖ್ಯ ಪುರುಷರಲ್ಲೊಬ್ಬನಾದ ಕರ್ನಲ್ ಔರೆಲಿಯಾನೋ ಮೂವತ್ತೆರಡು ದಂಗೆಗಳನ್ನೆಬ್ಬಿಸಿ, ಎಲ್ಲವನ್ನೂ ಸೋತು, ಮುಪ್ಪಿನಲ್ಲಿ ಮನೆಯ ಕೋಣೆಯೊಂದರಲ್ಲಿ ಕುಳಿತು ಚಿನ್ನದ ಪುಟ್ಟ ಮೀನುಗಳನ್ನು ಮಾಡುತ್ತಾನೆ. ಇಪ್ಪತ್ತೈದಾದ ಮೇಲೆ ಅವುಗಳನ್ನು ಕರಗಿಸಿ ಮತ್ತೆ ಮೊದಲಿನಿಂದ ಮಾಡುತ್ತಾನೆ. ನಿವೃತ್ತ ಉಪಾಧ್ಯಾಯರೊಬ್ಬರು ಇದನ್ನು ವಾನಪ್ರಸ್ಥವೆಂದೂ, ಲೋಕದ ಹಂಗು ಹರಿದವನ ಸಾಧನೆಯೆಂದೂ ಬಹಳ ಚೆನ್ನಾಗಿ ವಿವರಿಸಿದರು. ಹೆಸರಿನಲ್ಲಿಯೇ ‘ಏಕಾಂತ’ವೆಂದಿದೆಯಲ್ಲ ಎಂಬುದು ಅವರಿಗೆ ಆಧಾರ. ಕೇಳುತ್ತಿದ್ದ ಗೃಹಿಣಿಯೊಬ್ಬರು, “ಅಲ್ಲ ಮೇಷ್ಟ್ರೇ, ಏಕಾಂತದಲ್ಲಿರೋರನ್ನ ಕಂಡ್ರೆ ಕೈ ಮುಗಿಯೋಣ ಅನ್ನಿಸುತ್ತೆ. ಈ ಮನೆಯವರನ್ನ ಕಂಡ್ರೆ ಅಯ್ಯೋ ಪಾಪ ಅನ್ನಿಸುತ್ತಲ್ಲ?” ಎಂದರು. ನಾನು ಬಹಳ ಪುಟಗಳಲ್ಲಿ ಹೇಳಹೊರಟಿರುವುದನ್ನು ಆಕೆ ಎರಡು ವಾಕ್ಯಗಳಲ್ಲಿ ಮುಗಿಸಿದ್ದರು. ಆದರೂ ಆ ಅನಿಸಿಕೆಗೆ ಮೂಲಭಾಷೆಯಲ್ಲಿ ಆಧಾರವಿದೆಯೇ ಎಂಬುದನ್ನು ನೋಡಬೇಡವೆ?

ಸ್ಪ್ಯಾನಿಷ್ ಭಾಷೆಗೆ 1713ರಲ್ಲಿ ಸ್ಥಾಪಿತವಾದ ರಾಜ ಅಕಾಡೆಮಿಯೊಂದಿದೆ. ಅದರ ನಿಘಂಟು ಆ ಭಾಷೆಯವರಿಗೆ ಪ್ರಮಾಣ. ‘ಸೊಲೆದಾದ್’ ಎಂಬುದಕ್ಕೆ ಅದು ಕೊಡುವ ಅರ್ಥಗಳಲ್ಲಿ ಮೊದಲನೆಯದು ಜೊತೆಯಿಲ್ಲದಿರುವಿಕೆ. ಅದು ತಾನಾಗಿ ಬಯಸಿದ್ದಾಗಿರಬಹುದು, ಬಯಸದೆ ಬಂದದ್ದಾಗಿರಬಹುದು ಎಂದು ನಿಘಂಟುಕಾರರು ಸ್ಪಷ್ಟವಾಗಿ ಸೇರಿಸಿದ್ದಾರೆ. ಎರಡನೆಯದು ಜನರಿಲ್ಲದ ಬಯಲು, ನಿರ್ಜನ ಪ್ರದೇಶ. ಮೂರನೆಯದು ಒಬ್ಬರ ಅಗಲಿಕೆಯಿಂದಲೋ ಮರಣದಿಂದಲೋ, ಏನಾದರೊಂದನ್ನು ಕಳೆದುಕೊಂಡದ್ದರಿಂದಲೋ ಉಂಟಾಗುವ ಕೊರಗು. ಒಂದೇ ಶಬ್ದದ ಹೊಟ್ಟೆಯಲ್ಲಿ ಋಷಿಯ ಆಶ್ರಮವೂ ಇದೆ, ಪಾಳು ಬಯಲೂ ಇದೆ, ಮಗನನ್ನು ಕಳೆದುಕೊಂಡ ತಾಯಿಯ ಮನೆಯೂ ಇದೆ.

ನಿಘಂಟು ಇಷ್ಟು ಹೇಳಿ ಸುಮ್ಮನಾಗುತ್ತದೆ. ಮುಂದಿನದನ್ನು ಜನರ ಬಳಕೆ ಹೇಳಬೇಕು. ಸ್ಪ್ಯಾನಿಷ್ ನಾಡುಗಳಲ್ಲಿ ‘ಸೊಲೆದಾದ್’ ಎಂಬುದು ಹೆಣ್ಣುಮಕ್ಕಳಿಗಿಡುವ ಹೆಸರು. ಯೇಸುವನ್ನು ಸಮಾಧಿ ಮಾಡಿದ ಮೇಲೆ ಮರಿಯಮ್ಮನು ಮಗನಿಲ್ಲದೆ ಕಳೆದ ಗಳಿಗೆಗಳನ್ನು ಕುರಿತ ಭಕ್ತಿಯಿಂದ ಈ ಹೆಸರು ಹುಟ್ಟಿತು. ಮೆಕ್ಸಿಕೋದ ಒವಾಹಾಕಾ ಪಟ್ಟಣಕ್ಕೆ ಆ ಹೆಸರಿನ ದೇವಿಯೇ ಅಧಿದೇವತೆ. ಆಂಡಲೂಸಿಯಾ ಪ್ರಾಂತದ ಶೋಕಪ್ರಧಾನವಾದ ಹಾಡಿನ ಒಂದು ಬಗೆಗೆ ಇದೇ ಮಾತು ಸವೆದು ‘ಸೊಲೆಯಾ’ ಎಂದಾಗಿದೆ. ಇತ್ತ 17ನೆಯ ಶತಮಾನದ ಕವಿ ಗೊಂಗೊರಾ ತನ್ನ ಕಾವ್ಯವನ್ನು ಇದರ ಬಹುವಚನದಿಂದ ಕರೆದ. ಅಲ್ಲಿರುವುದು ಅರಮನೆಯ ಗದ್ದಲದಿಂದ ದೂರವಾದ ಬೆಟ್ಟಬಯಲುಗಳ ನೆಮ್ಮದಿ. ಮೆಕ್ಸಿಕೋದ ಓಕ್ತಾವಿಯೋ ಪಾಸ್ — ಇವರು 1962ರಿಂದ 1968ರವರೆಗೆ ದೆಹಲಿಯಲ್ಲಿ ತಮ್ಮ ದೇಶದ ರಾಯಭಾರಿಗಳಾಗಿದ್ದವರು — 1950ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಒಂದು ಮಾತನ್ನೇ ಹಿಡಿದು ತಮ್ಮ ಜನಾಂಗದ ಶೀಲವನ್ನೆಲ್ಲ ವಿವರಿಸಲು ಯತ್ನಿಸಿದರು. ನಮ್ಮ ನೆರೆಯ ಗೋವೆಗೆ ಪೋರ್ಚುಗೀಸರು ತಂದ ‘ಸೌದಾದಿ’ ಎಂಬ ಹಂಬಲದ ಮಾತೂ ಇದೇ ಲ್ಯಾಟಿನ್ ಬೇರಿನಿಂದ ಒಡೆದದ್ದು. ತಾಯಿಬೇರು ‘ಸೋಲೊ’: ಒಬ್ಬನೇ, ಒಂದೇ. ನಮ್ಮ ‘ಒಬ್ಬನೇ’ ಎಂಬುದರಂತೆಯೇ ಅದಕ್ಕೂ ಎರಡು ಮುಖ. ‘ಅವರಿಗೆ ಒಬ್ಬನೇ ಮಗ’ ಎಂದರೆ ಒಂದರ್ಥ, ‘ಮಗ ಮನೆಯಲ್ಲಿ ಒಬ್ಬನೇ ಇದ್ದಾನೆ’ ಎಂದರೆ ಇನ್ನೊಂದು.

ಈಗ ನಮ್ಮ ‘ಏಕಾಂತ’ವನ್ನು ನೋಡೋಣ. ಬಯಸಿ ಪಡೆದದ್ದು, ಇಲ್ಲವೆ ಇನ್ನೊಬ್ಬರು ಗೌರವದಿಂದ ಬಿಟ್ಟುಕೊಟ್ಟದ್ದು — ಇದು ಕನ್ನಡದಲ್ಲಿ ಆ ಮಾತಿನ ಸ್ವಭಾವ. ದೇವಸ್ಥಾನದಲ್ಲಿ ರಾತ್ರಿ ದೇವರನ್ನು ಮಲಗಿಸುವುದು ಏಕಾಂತಸೇವೆ. ಗಂಡಹೆಂಡಿರಿಗೆ ಏಕಾಂತ ಬೇಕು. ಮಂತ್ರಿಯು ರಾಜನೊಡನೆ ಏಕಾಂತದಲ್ಲಿ ಮಾತನಾಡುತ್ತಾನೆ. ಗಮನಿಸಿ: ಈ ಎರಡು ಪ್ರಯೋಗಗಳಲ್ಲಿ ಇಬ್ಬರಿದ್ದಾರೆ! ಜೊತೆಯಿಲ್ಲದಿರುವುದು ಏಕಾಂತಕ್ಕೆ ಅವಶ್ಯವೇ ಅಲ್ಲ. ಹೊರಗಿನವರು ಇಲ್ಲದಿದ್ದರೆ ಸಾಕು. ಹನ್ನೆರಡನೆಯ ಶತಮಾನದಲ್ಲಿ ಅಬ್ಬಲೂರಿನಲ್ಲಿ ತಲೆಯನ್ನರಿದು ಶಿವನಿಗೊಪ್ಪಿಸಿ ಮರಳಿ ಪಡೆದನೆಂದು ಶಾಸನವು ಸಾರುವ ಏಕಾಂತದ ರಾಮಯ್ಯನಿಗೆ ಆ ಹೆಸರು ಬಂದದ್ದು ಶಿವನೊಬ್ಬನಲ್ಲಿಯೇ ಮನಸ್ಸನ್ನು ನಿಲ್ಲಿಸಿದ್ದರಿಂದ ಎಂದು ವಿದ್ವಾಂಸರ ಅಭಿಪ್ರಾಯ. ಯಾವ ಕಡೆಯಿಂದ ನೋಡಿದರೂ ಮಾತಿಗೆ ಹಿರಿಮೆಯೇ. ಆದ್ದರಿಂದ ಈ ಮಾತನ್ನು ಹಣೆಯ ಮೇಲೆ ಬರೆದುಕೊಂಡ ಮನೆತನವನ್ನು ನಮ್ಮ ಉಪಾಧ್ಯಾಯ ಮಿತ್ರರು ತಪಸ್ವಿಗಳ ಮನೆತನವೆಂದು ತಿಳಿದರೆ ಅವರನ್ನು ದೂರಲಾಗದು. ಕನ್ನಡವೇ ಹಾಗೆ ತಿಳಿಯಲು ಹೇಳಿಕೊಟ್ಟಿತು.

‘ಒಂಟಿ’ಯ ಬಾಳು ಬೇರೆ. ಈ ಸೀಮೆಯ ತೆಂಗಿನ ತೋಟಗಳ ನಡುವೆ ಊರಿಗೆ ದೂರವಾಗಿ ನಿಂತದ್ದು ಒಂಟಿಮನೆ. ರಾತ್ರಿ ಅದರ ಮುಂದೆ ನಡೆಯುವವರು ಹೆಜ್ಜೆ ಬೇಗ ಹಾಕುತ್ತಾರೆ. ಸಕಲೇಶಪುರ, ಆಲೂರುಗಳ ಕಡೆ ಹಿಂಡಿಲ್ಲದೆ ಅಲೆಯುವುದು ಒಂಟಿ ಸಲಗ. ಅದರ ಹೆಸರೆತ್ತಿದರೆ ಜನಕ್ಕೆ ಭಯ. ಒಂಟಿ ಸೀನು ಅಪಶಕುನ. ಜೋಡಿ ಸತ್ತ ಒಂಟಿ ಎತ್ತಿನಿಂದ ಉಳುವುದೆಂತು? ಈ ಮಾತಿನಲ್ಲಿ ಕೊರತೆಯಿದೆ, ಅಮಂಗಳದ ನೆರಳಿದೆ, ಕನಿಕರವೂ ಇದೆ. ಬಯಕೆ ಮಾತ್ರ ಇಲ್ಲ. ‘ನನಗೆ ಸ್ವಲ್ಪ ಏಕಾಂತ ಬೇಕು’ ಎನ್ನುವವರುಂಟು. ‘ನನಗೆ ಸ್ವಲ್ಪ ಒಂಟಿತನ ಬೇಕು’ ಎಂದವರನ್ನು ನಾನು ಕಂಡಿಲ್ಲ.

ಇನ್ನು ಅಕಾಡೆಮಿಯ ಮೂರನೆಯ ಅರ್ಥ, ಕಳೆದುಕೊಂಡವರ ಕೊರಗು. ಇದಕ್ಕೆ ನಮ್ಮಲ್ಲಿ ನಾಮಪದವನ್ನು ಹುಡುಕಿದರೆ ‘ವಿರಹ’ವೆಂಬ ಕಾವ್ಯದ ಮಾತು ಸಿಕ್ಕುತ್ತದೆ, ಅದು ನಾಯಕನಾಯಿಕೆಯರ ಪಾಲಾಗಿಬಿಟ್ಟಿದೆ. ಮನೆಮಾತಿನಲ್ಲಿ ಮಾತ್ರ ಒಂದು ಅಪೂರ್ವವಾದ ಪ್ರಯೋಗವಿದೆ. ಮಗಳನ್ನು ಗಂಡನ ಮನೆಗೆ ಕಳುಹಿಸಿದ ಮಾರನೆಯ ದಿನ ತಾಯಿ ‘ಮನೆ ಬಿಕೋ ಅನ್ನುತ್ತಿದೆ’ ಎನ್ನುತ್ತಾಳೆ. ಕೊರಗುವವಳು ತಾನು, ಶಬ್ದ ಮಾಡುವುದು ಮನೆ! ಸ್ಪ್ಯಾನಿಷ್ ಮಾತಿನ ಎರಡನೆಯ ಮೂರನೆಯ ಅರ್ಥಗಳು, ಬರಿದಾದ ಜಾಗವೂ ಬರಿದಾದ ಮನಸ್ಸೂ, ಈ ಒಂದು ನುಡಿಯಲ್ಲಿ ಕೂಡಿಕೊಂಡಿವೆ. ಆದರೆ ‘ಬಿಕೋ’ ಎಂಬುದನ್ನು ಪುಸ್ತಕದ ಮುಖಪುಟಕ್ಕೆ ಏರಿಸಲು ಯಾವ ಭಾಷಾಂತರಕಾರನಿಗೂ ಧೈರ್ಯ ಬರಲಾರದು.

ಬಾಣಾವರದ ಹೆಸರಿಗೆ ‘ಬಾಣ ಹೊರು’ ಎಂಬುದೇ ಮೂಲವೆಂದು ಹೇಳುವ ಐತಿಹ್ಯವೊಂದಿದೆ. ಎಂದಿನಂತೆ ಬಾಣಗಳನ್ನು ಹೊರಬೇಕಾದ ಲಕ್ಷ್ಮಣನು ಇಲ್ಲಿ ಒಲ್ಲೆನೆಂದುಬಿಟ್ಟನಂತೆ. ಶ್ರೀರಾಮನು ತಾನೇ ಹೊತ್ತನಂತೆ. ವ್ಯುತ್ಪತ್ತಿ ಹೇಗಾದರೂ ಇರಲಿ, ಆ ಗಳಿಗೆಯಲ್ಲಿ ರಾಮನ ಸ್ಥಿತಿಯನ್ನು ಯಾವ ಕನ್ನಡ ಮಾತಿನಿಂದ ಹೇಳುವುದು? ತಮ್ಮ ಪಕ್ಕದಲ್ಲಿಯೇ ಇದ್ದಾನೆ, ಆದ್ದರಿಂದ ಒಂಟಿಯಲ್ಲ. ಏಕಾಂತವಂತೂ ಅಲ್ಲವೇ ಅಲ್ಲ. ಜೊತೆಯಿದ್ದೂ ಜೊತೆ ತಪ್ಪುವ ಈ ಸ್ಥಿತಿಗೆ ಸ್ಪ್ಯಾನಿಷಿನವರು ‘ಸೊಲೆದಾದ್’ ಎಂದುಬಿಡುತ್ತಾರೆ. ಮಾರ್ಕೆಸರ ಕಥೆಯ ತುಂಬಿದ ಮನೆಯಲ್ಲಿ ನಡೆಯುವುದೂ ಮುಖ್ಯವಾಗಿ ಇದೇ.

ಆ ಕಥೆಯಲ್ಲಿಯೇ ಶಬ್ದಾರ್ಥಗಳ ವಿಚಾರವಾಗಿ ಒಂದು ಸೊಗಸಾದ ಪ್ರಕರಣವುಂಟು. ಮಕೋಂದೋ ಎಂಬ ಊರಿಗೆ ನಿದ್ರೆ ಬಾರದ ಪಿಡುಗು ತಗುಲುತ್ತದೆ; ಅದರ ಹಿಂದೆಯೇ ಮರೆವು. ಜನರು ವಸ್ತುಗಳ ಹೆಸರುಗಳನ್ನು ಮರೆಯತೊಡಗಿದಾಗ ಪ್ರತಿಯೊಂದು ವಸ್ತುವಿನ ಮೇಲೂ ಅದರ ಹೆಸರನ್ನು ಬರೆದಿಡುತ್ತಾರೆ: ಕುರ್ಚಿ, ಗಡಿಯಾರ, ಬಾಗಿಲು, ಹಸು. ಸ್ವಲ್ಪ ದಿನದಲ್ಲಿ ಅವರಿಗೆ ಹೊಳೆಯುತ್ತದೆ: ಹೆಸರು ಉಳಿದು ಉಪಯೋಗವೇ ಮರೆತುಹೋಗುವ ದಿನವೂ ಬಂದೀತು! ಆಗ ಹಸುವಿನ ಕೊರಳಿಗೆ ದೊಡ್ಡ ಫಲಕ ಬೀಳುತ್ತದೆ. ಇದನ್ನು ಬೆಳಗ್ಗೆ ಕರೆಯಬೇಕು, ಹಾಲನ್ನು ಕಾಯಿಸಬೇಕು, ಕಾಫಿಗೆ ಬೆರೆಸಬೇಕು ಎಂದು ಮುಂತಾಗಿ. ಕೋಶಕಾರನ ಕಷ್ಟವನ್ನು ಇಷ್ಟು ವಿನೋದವಾಗಿ ಹೇಳಿದ ಇನ್ನೊಂದು ಪುಟವನ್ನು ನಾನು ಓದಿಲ್ಲ. ‘ಸೊಲೆದಾದ್ = ಏಕಾಂತ’ ಎಂಬುದು ಮೊದಲನೆಯ ಬಗೆಯ ಚೀಟಿ. ಎರಡನೆಯ ಬಗೆಯ ಫಲಕವನ್ನು ಬರೆಯಬೇಕಾದರೆ ಗ್ರಂಥಕರ್ತನು ಆ ಮಾತನ್ನು ಯಾರಿಗೆ, ಯಾವಾಗ, ಯಾವ ವಿಶೇಷಣದೊಡನೆ ಹೇಳುತ್ತಾನೆಂಬುದನ್ನು ನೋಡಬೇಕು.

ಕರ್ನಲನನ್ನೇ ತೆಗೆದುಕೊಳ್ಳೋಣ. ಅಧಿಕಾರದ ಶಿಖರದಲ್ಲಿದ್ದಾಗ ಅವನು ಹೋದಲ್ಲೆಲ್ಲ ಸಹಾಯಕರು ಸುಣ್ಣದ ಕಡ್ಡಿಯಿಂದ ನೆಲದ ಮೇಲೆ ವೃತ್ತವನ್ನೆಳೆಯುತ್ತಾರೆ. ಅದರೊಳಕ್ಕೆ ಹೆತ್ತ ತಾಯಿಗೂ ಪ್ರವೇಶವಿಲ್ಲ. ಇದು ಅವನು ಬಯಸಿದ್ದು. ಮುಪ್ಪಿನಲ್ಲಿ ಅವನ ಸ್ಥಿತಿಯನ್ನು ಹೇಳುವಾಗ, ಒಳ್ಳೆಯ ವೃದ್ಧಾಪ್ಯವೆಂದರೆ ಸೊಲೆದಾದಿನೊಡನೆ ಮಾನವಾದ ಒಪ್ಪಂದ ಮಾಡಿಕೊಳ್ಳುವುದೇ ಎಂಬ ಅಭಿಪ್ರಾಯ ಬರುತ್ತದೆ. ಮೇಲುನೋಟಕ್ಕೆ ಇಲ್ಲಿ ‘ಏಕಾಂತ’ ಹೊಂದುವಂತೆ ತೋರುತ್ತದೆ. ಆದರೆ ಒಪ್ಪಂದವನ್ನು ಯಾರೊಡನೆ ಮಾಡಿಕೊಳ್ಳುತ್ತಾರೆ? ಶತ್ರುವಿನೊಡನೆ, ಅಥವಾ ಶತ್ರುವಾಗಬಹುದಾದವನೊಡನೆ. ಪ್ರಿಯವಾದ ಏಕಾಂತದೊಡನೆ ಸಂಧಿಪತ್ರವೇಕೆ? ಸೋತ ಸೇನಾನಿಯು ತನ್ನ ಕೊನೆಯ ಶತ್ರುವಿನೊಡನೆ ಮಾಡಿಕೊಂಡ ಕೊನೆಯ ಒಪ್ಪಂದ ಇದು, ಎಂದು ಓದಿದರೆ ಮಾತ್ರ ವಾಕ್ಯಕ್ಕೆ ಪೂರ್ಣ ಬಲ ಬರುತ್ತದೆ. ಮುಂದೆ ಅವನು ಸಾಯುವ ದಿನ ಬೀದಿಯಲ್ಲಿ ಸರ್ಕಸ್ಸಿನ ಮೆರವಣಿಗೆ ಬರುತ್ತದೆ. ಮುದುಕ ಕೋಣೆಯಿಂದೆದ್ದು ಹೋಗಿ ನೋಡುತ್ತಾನೆ. ಆನೆಯೂ ಒಂಟೆಯೂ ವಿದೂಷಕರೂ ದಾಟಿಹೋಗಿ ಬೀದಿ ಬರಿದಾದಾಗ ಅವನ ಕಣ್ಣಿಗೆ ಬೀಳುವುದು ತನ್ನ ದೀನವಾದ ಸೊಲೆದಾದಿನ ಮುಖ. ಇಲ್ಲಿ ‘ದೀನವಾದ ಏಕಾಂತ’ ಎಂದು ಬರೆದು ನೋಡಿ: ವಿಶೇಷಣವು ವಿಶೇಷ್ಯಕ್ಕೆ ಅಂಟುವುದಿಲ್ಲ. ‘ದೀನವಾದ ಒಂಟಿತನ’ವೆಂದರೆ ವಾಕ್ಯ ತಾನಾಗಿ ನಡೆಯುತ್ತದೆ. ‘ಬೀದಿ ಬಿಕೋ ಎಂದಿತು’ ಎಂದು ಮೊದಲೇ ಒಂದು ಮಾತು ಸೇರಿಸಿದರಂತೂ ಇನ್ನೂ ಚೆನ್ನು.

ಅವನ ತಂಗಿ ಅಮರಾಂತಾ ಇಬ್ಬರು ಯೋಗ್ಯರ ಪ್ರೇಮವನ್ನು ತಾನೇ ಕೈಯಾರೆ ತಳ್ಳಿ, ಸುಟ್ಟುಕೊಂಡ ಕೈಗೆ ಕಪ್ಪು ಪಟ್ಟಿಯನ್ನು ಕಟ್ಟಿಕೊಂಡು, ತನ್ನ ಶವದ ಬಟ್ಟೆಯನ್ನು ತಾನೇ ಹೆಣೆಯುತ್ತಾಳೆ. ಗಂಡನನ್ನು ಕಳೆದುಕೊಂಡ ರೆಬೆಕಾ ಮನೆಯ ಕದ ಮುಚ್ಚಿಕೊಂಡು ಬದುಕಿರುವಂತೆಯೇ ಹೂತುಕೊಳ್ಳುತ್ತಾಳೆ. ಇವರನ್ನು ‘ಏಕಾಂತವಾಸಿಗಳು’ ಎನ್ನಬಹುದೆ? ಕುರುಡಾಗಿ ಎಲ್ಲವನ್ನೂ ಕಾಣತೊಡಗಿದ ಮುದಿತಾಯಿ ಊರ್ಸುಲಾ ಮಗನ ವಿಚಾರವಾಗಿ ಬರುವ ತೀರ್ಮಾನ ಕಠೋರವಾದುದು: ಅವನು ಯಾರನ್ನೂ ಎಂದೂ ಪ್ರೀತಿಸಲಿಲ್ಲ, ಅವನಿಗೆ ಪ್ರೀತಿಸುವ ಶಕ್ತಿಯೇ ಇಲ್ಲ. ಗ್ರಂಥಕರ್ತರು ಕೂಡ 1982ರಲ್ಲಿ ಪ್ರಕಟವಾದ ಸಂಭಾಷಣೆಗಳಲ್ಲಿ ಇದೇ ಅಭಿಪ್ರಾಯವನ್ನು ಹೇಳಿದ್ದಾರೆ. ಆ ಮನೆತನದ ಸೋಲಿಗೆ ಪ್ರೇಮವಿಲ್ಲದಿರುವುದೇ ಕಾರಣವೆಂದೂ, ಸೊಲೆದಾದಿಗೆ ವಿರುದ್ಧವಾದದ್ದು ‘ಸೊಲಿದಾರಿದಾದ್’ ಎಂದರೆ ಒಬ್ಬರಿಗೊಬ್ಬರು ಒದಗುವ ಒಗ್ಗಟ್ಟೆಂದೂ ಅವರ ಮತ. ಸ್ಪ್ಯಾನಿಷ್ ಕಿವಿಗೆ ಆ ಎರಡು ಮಾತುಗಳು ಪ್ರಾಸದಂತೆ ಕೇಳುತ್ತವೆ. ಕನ್ನಡದಲ್ಲಿ ಅದನ್ನು ತರುವ ಉಪಾಯ ನನಗೆ ಕಾಣದು. ಆದರೆ ‘ಏಕಾಂತ’ಕ್ಕೆ ಒಗ್ಗಟ್ಟು ವಿರುದ್ಧವೆಂದರೆ ಕನ್ನಡಿಗನು ಒಪ್ಪಲಾರನು, ‘ಒಂಟಿತನ’ಕ್ಕೆ ಎಂದರೆ ಮರುಮಾತಿಲ್ಲದೆ ಒಪ್ಪುತ್ತಾನೆ ಎಂಬುದಂತೂ ಸ್ಪಷ್ಟ.

‘ಏಕಾಂತ’ದ ಪರವಾಗಿ ಹೇಳುವುದೇನೂ ಇಲ್ಲವೆಂದಲ್ಲ. ಮೆಲ್ಕಿಯಾದೆಸ್ ಎಂಬ ಜಿಪ್ಸಿ ಪಂಡಿತನ ಓಲೆಗಳನ್ನು ಬಾಗಿಲು ಹಾಕಿಕೊಂಡು ಓದುವ ಕೋಣೆಯ ಪ್ರಕರಣಗಳಲ್ಲಿ ಆ ಮಾತಿಗೆ ಒಳ್ಳೆಯ ಸ್ಥಾನವಿದೆ. ರಬಾಸಾ ಅವರೂ ತಮ್ಮ ನೆನಪುಗಳಲ್ಲಿ ಈ ಇಕ್ಕಟ್ಟನ್ನು ಹೇಳಿಕೊಂಡಿದ್ದಾರೆ: ಮೂಲಶಬ್ದದಲ್ಲಿ ಒಳ್ಳೆಯ ಭಾವವೂ ಕೆಟ್ಟ ಭಾವವೂ ಇರುವುದರಿಂದ, ಎರಡಕ್ಕೂ ಎಡೆಗೊಡುವ ‘ಸಾಲಿಟ್ಯೂಡ್’ ಎಂಬುದನ್ನು ಆರಿಸಿದರಂತೆ. ಇಂಗ್ಲಿಷಿನಲ್ಲಿ ಆ ಶಬ್ದಕ್ಕೆ ಒಂಟಿತನದ ಬೀಜವನ್ನೂ ಒಳಗಿಟ್ಟುಕೊಳ್ಳುವ ಶಕ್ತಿಯಿದೆ. ಸ್ಪ್ಯಾನಿಷ್ ಗ್ರಂಥಗಳು ನಮ್ಮಲ್ಲಿಗೆ ಬಹುಮಟ್ಟಿಗೆ ಇಂಗ್ಲಿಷಿನ ಹಾದಿಯಲ್ಲಿಯೇ ಬರುವುದರಿಂದ, ಅದರ ಸಮೀಪದ ಕನ್ನಡ ಮಾತಾದ ‘ಏಕಾಂತ’ ಸಹಜವಾಗಿಯೇ ಬಂದು ನಿಲ್ಲುತ್ತದೆ. ಆದರೆ ಆ ಎರಡನೆಯ ಹೆಜ್ಜೆಯಲ್ಲಿ ಒಳಗಿದ್ದ ಬೀಜ ಉದುರಿಹೋಗುತ್ತದೆ.

ಇನ್ನೂ ಬಲವಾದ ಒಂದು ವಾದವುಂಟು. ಅದು ನಮ್ಮ ಜಿಲ್ಲೆಯಲ್ಲಿಯೇ ದೊರೆಯುತ್ತದೆ. ಶ್ರವಣಬೆಳಗೊಳವೂ ಹಳೇಬೀಡಿನ ಬಸದಿಗಳೂ ಇರುವ ಈ ನಾಡಿನಲ್ಲಿ ‘ಅನೇಕಾಂತ’ವೆಂಬ ಜೈನತತ್ತ್ವದ ಹೆಸರನ್ನು ಕೇಳದವರು ವಿರಳ. ಆ ದರ್ಶನದಲ್ಲಿ ‘ಏಕಾಂತ’ವೆಂಬುದು ಗುಣವಲ್ಲ, ದೋಷ: ವಸ್ತುವಿನ ಒಂದೇ ಕೊನೆಯನ್ನು ಹಿಡಿದು ಮಿಕ್ಕವುಗಳನ್ನು ಕಾಣದಿರುವ ಹಟ. ಚಿನ್ನದ ಮೀನನ್ನು ಮಾಡಿ ಕರಗಿಸುವವನು, ಶವವಸ್ತ್ರವನ್ನು ಹೆಣೆಯುವವಳು, ಕದ ತೆರೆಯದವಳು — ಇವರೆಲ್ಲರೂ ಈ ಅರ್ಥದಲ್ಲಿ ಪಕ್ಕಾ ಏಕಾಂತವಾದಿಗಳೇ! ಓದುಗರೆಲ್ಲರ ಕಿವಿಯಲ್ಲಿಯೂ ಈ ಅರ್ಥ ಮೊಳಗುವಂತಿದ್ದರೆ ‘ಏಕಾಂತ’ಕ್ಕಿಂತ ಉತ್ತಮವಾದ ಪದ ಬೇರೊಂದಿರಲಿಲ್ಲ. ಆದರೆ ಆ ಅರ್ಥ ಶಾಸ್ತ್ರಗ್ರಂಥಗಳಲ್ಲಿ ಉಳಿದಿದೆ. ಮನೆಮಾತಿನಲ್ಲಿ ಉಳಿದಿರುವುದು ಏಕಾಂತಸೇವೆ.

ಸ್ಥಳಕ್ಕೊಂದು ಪದ ಹಾಕಬಹುದಲ್ಲ ಎಂದು ಕೇಳುವವರಿರಬಹುದು: ಪಂಡಿತನ ಕೋಣೆಯಲ್ಲಿ ಏಕಾಂತ, ವಿಧವೆಯ ಮನೆಯಲ್ಲಿ ಒಂಟಿತನ, ಹೀಗೆ. ಇದು ಸುಲಭವಾದ ದಾರಿ. ನಷ್ಟದ ದಾರಿಯೂ ಹೌದು. ಒಂದೇ ಮಾತು ಅಧ್ಯಾಯದಿಂದ ಅಧ್ಯಾಯಕ್ಕೆ, ತಂದೆಯಿಂದ ಮಗನಿಗೆ, ಆ ಮನೆಯವರ ಮೂಗುಕಣ್ಣುಗಳಂತೆ ಇಳಿದು ಬರುವುದರಲ್ಲಿಯೇ ಮೂಲದ ಸ್ವಾರಸ್ಯವಿದೆ. ಹೆಸರಿನಲ್ಲಿದ್ದದ್ದೇ ಒಳಗೂ ಮರಳಿ ಮರಳಿ ಬರಬೇಕು. ಆದ್ದರಿಂದ ಒಂದನ್ನೇ ಆರಿಸಬೇಕಾದರೆ ನನ್ನ ಮತ ‘ಒಂಟಿತನ’ದ ಕಡೆಗೆ. ಅದರಲ್ಲಿ ಬಯಕೆಯ ಅಂಶ ಕಾಣದೆಂಬುದು ನಿಜ. ಆದರೆ ಆ ಕೊರತೆಯನ್ನು ಕಥೆಯೇ ತುಂಬಿಕೊಡುತ್ತದೆ. ಸುಣ್ಣದ ವೃತ್ತವನ್ನು ಓದಿದವನಿಗೆ, ಇವನ ಒಂಟಿತನ ಇವನೇ ಬರೆಸಿಕೊಂಡದ್ದೆಂದು ಬೇರೆ ಹೇಳಬೇಕಾಗಿಲ್ಲ. ‘ಏಕಾಂತ’ದಿಂದಾಗುವ ತಪ್ಪನ್ನು ಹಾಗೆ ಕಥೆ ತಿದ್ದಲಾರದು. ಕನಿಕರಕ್ಕೂ ಭಯಕ್ಕೂ ಪಾತ್ರರಾಗಬೇಕಾದವರಿಗೆ ಅದು ಮೊದಲ ಪುಟದಲ್ಲಿಯೇ ಪೂಜೆ ಮಾಡಿಸಿಬಿಡುತ್ತದೆ.

ಹೆಸರಿನ ಮೊದಲ ಮಾತಿನ ವಿಷಯದಲ್ಲಿ ಮಾತ್ರ ಕನ್ನಡದ ಆಯ್ಕೆಗೆ ನನ್ನ ಪೂರ್ಣ ಸಮ್ಮತಿ. ಸ್ಪ್ಯಾನಿಷಿನ ‘ಸಿಯೆನ್’ ಎಂದರೆ ಬರಿಯ ನೂರು. ‘ಒಂದು’ ಎಂಬುದು ಅಲ್ಲಿಲ್ಲ. ಭವಿಷ್ಯವಾಣಿಯಂತೆ ಲೆಕ್ಕ ಖಚಿತವಾಗಿರಬೇಕೆಂದು ರಬಾಸಾ ಅವರು ಇಂಗ್ಲಿಷಿನಲ್ಲಿ ‘ಒಂದು’ ಸೇರಿಸಿದರು. ಕನ್ನಡದಲ್ಲಿ ಅದು ಇನ್ನೂ ಅವಶ್ಯಕ. ನಮ್ಮಲ್ಲಿ ‘ನೂರು’ ಎಂಬುದು ಲೆಕ್ಕವೇ ಅಲ್ಲ. ‘ನೂರು ಸಲ ಹೇಳಿದೆ’ ಎಂದರೆ ನಾಲ್ಕು ಸಲ ಹೇಳಿದ್ದೂ ಆದೀತು. ಮೇಲಾಗಿ ‘ನೂರು ವರ್ಷ’ವೆಂದು ಬರಿದೆ ಹೇಳಿದೊಡನೆ ಕನ್ನಡದ ಕಿವಿಗೆ, ಕಾಲಿಗೆರಗಿದ ಮಕ್ಕಳ ತಲೆಯ ಮೇಲೆ ಅಜ್ಜಿ ಕೈಯಿಟ್ಟು ‘ನೂರು ವರ್ಷ ಬಾಳು’ ಎಂದು ಹರಸುವುದು ಕೇಳಿಸುತ್ತದೆ.